ತಳ ಹೆರೆಯುವ ಕೆಲಸ

ಕಾಜುಬಾಗದಲ್ಲಿ, ಔಷಧಿ ಅಂಗಡಿಯ ಮೇಲಿನ ಮಾಳಿಗೆ.
ಹನ್ನೊಂದು ವರ್ಷದಿಂದ ನಾನಿಲ್ಲಿ ನಳಿಗೆ ಹಿಡಿಯುವವಳು:
ತೆರೆದ ಬಾಯಲ್ಲಿ ತುಂಬುವ ನೀರು, ಎಂಜಲು, ರಕ್ತ
ಎಲ್ಲವನ್ನೂ ಗೊರಗೊರ ಹೀರುವ ನಳಿಗೆ.
ಊರಿನ ಮುಖಗಳು ನನಗೆ ನೆನಪಿರುವುದಿಲ್ಲ.
ಮೀನು ಮಾರ್ಕೆಟ್ಟಿನಲ್ಲಿ ಯಾರಾದರೂ ನಕ್ಕರೆ
ಆಗ ಹೆಸರು ಹೊಳೆಯುತ್ತದೆ.

ಮಿಶ್ರಿ ತಿಕ್ಕಿ ತಿಕ್ಕಿ ಕಪ್ಪಾದ ಒಸಡು,
ಗುಟ್ಕಾ ಸುಟ್ಟ ಕೆನ್ನೆ,
ಮದುವೆಗೆ ಎರಡೇ ದಿನವಿರುವಾಗ
‘ಮುಂದಿನದೊಂದು ಬೆಳ್ಳಗೆ ಮಾಡಿ’ ಎನ್ನುವ ಹುಡುಗರು.
ಎಲ್ಲರನ್ನೂ ನೋವೇ ಕೈಹಿಡಿದು ಮೆಟ್ಟಿಲು ಹತ್ತಿಸಿದ್ದು.

ಬುಧವಂತ ತಾಂಡೇಲನನ್ನು ಹತ್ತಿಸಿದ್ದು ಮಾತ್ರ ಒಂದು ಚೀಟಿ.
ಸಕ್ಕರೆ ಡಾಕ್ಟರು ಗೀಚಿದ್ದರು:
‘ಮಾತ್ರೆ ಬದಲಿಸಿದೆ, ಅನ್ನ ಬಿಡಿಸಿದೆ,
ಇಳಿಯುತ್ತಿಲ್ಲ. ಬಾಯೊಳಗೆ ಏನಿದೆ, ನೋಡಿ.’
ಬೈತಕೋಲಿನಲ್ಲಿ ದೋಣಿಗಳ ತಳ ಹೆರೆಯುವವನು,
ಐವತ್ತೆಂಟು ತುಂಬಿದೆ,
ಮೈಯೆಲ್ಲ ಡೀಸೆಲ್ಲು, ಬಣ್ಣ, ಒಣಗಿದ ಉಪ್ಪು.
‘ಡಾಕ್ಟರ್ ಬಾಯಿ, ನಂಗೆ ಹಲ್ಲುನೋವಿಲ್ಲ’ ಅಂದ.
‘ಬಾಯಿ ತೆರೀರಿ’ ಅಂದರು ಬಾಯಿ.

ತೆರೆದ.
ನಾನು ಉಸಿರು ಬಿಗಿಹಿಡಿದೆ.
ಹಲ್ಲಿನ ಬುಡದಲ್ಲಿ ಕಂದು ಕಿಟ್ಟ, ಗಟ್ಟಿ, ಪದರ ಪದರ,
ಮುಟ್ಟಿದರೆ ಸಾಕು ರಕ್ತ.
‘ಬ್ರಶ್ ಮಾಡುವಾಗಲೂ ಬರ್ತದಾ?’
‘ಬರ್ತದೆ. ಅದ್ಕೇ ಬ್ರಶ್ ಬಿಟ್ಟೆ.’

ಮೇಸ್ತ ಡಾಕ್ಟರು ಕೊಕ್ಕೆ ಎತ್ತಿಕೊಂಡರು,
ತುದಿ ಬಾಗಿದ, ಸಣ್ಣ, ಉಕ್ಕಿನ ಕೊಕ್ಕೆ.
ಅವನ ಕಣ್ಣು ಅದರ ಮೇಲೇ ನಿಂತಿತು.
ಬಾಯಿಗೆ ಹತ್ತಿ ತುಂಬಿತ್ತು, ಮಾತು ಹೊರಡಲಿಲ್ಲ.
ಉಗುಳಲು ಎದ್ದಾಗ, ಗಲ್ಲ ಒರೆಸಿಕೊಳ್ಳುತ್ತ, ಅಂದ:
‘ಇದು ನನ್ನ ಕಸುಬು, ಬಾಯಿ.’

ಆಮೇಲೆ ಅವನೇ ಹೇಳಿದ್ದು.
ನೀರಲ್ಲಿ ನಿಂತ ದೋಣಿಗೆ ಮೊದಲು ಬರುವುದು ಲೋಳೆ.
ಬೆರಳಲ್ಲಿ ಒರೆಸಿದರೆ ಹೋಗುತ್ತದೆ, ಯಾರೂ ಒರೆಸುವುದಿಲ್ಲ.
ಲೋಳೆಯ ಮೇಲೆ ಪಾಚಿ, ಪಾಚಿಯ ಮೇಲೆ ಚಿಪ್ಪು.
ಕಣ್ಣಿಗೆ ಕಾಣದು, ಎಲ್ಲ ನೀರಿನ ಕೆಳಗೆ.
ದೋಣಿ ಎಳೆಯಲಾರದೆ ಡೀಸೆಲ್ ಕುಡಿಯುತ್ತದೆ,
ಮಾಲಿಕ ಎಂಜಿನ್ನಿಗೆ ಬೈಯುತ್ತಾನೆ.
‘ನಾನೂ ಹಾಗೇ,’ ಅಂದ, ‘ಮಾತ್ರೆಗೆ ಬೈದೆ.’

ಡಾಕ್ಟರು ನಗಲಿಲ್ಲ. ಇಷ್ಟೇ ಹೇಳಿದರು:
ಒಸಡು ಹುಣ್ಣಾದರೆ ಅದೊಂದು ತೆರೆದ ಬಾಗಿಲು,
ಅಲ್ಲಿಯ ಕೊಳೆ ರಕ್ತಕ್ಕಿಳಿಯುತ್ತದೆ.
ಸಕ್ಕರೆ ಒಸಡನ್ನು ತಿನ್ನುತ್ತದೆ, ಒಸಡು ಸಕ್ಕರೆಯನ್ನು ಏರಿಸುತ್ತದೆ,
ಯಾರು ಮೊದಲು ಕೈ ಮಾಡಿದರೆಂದು ಕೇಳಬೇಡಿ.

ನಾಲ್ಕು ಸಲ ಬಂದ.
ನನ್ನ ನಳಿಗೆಯಲ್ಲಿ ಮೊದಲ ಮಳೆಯ ಕಾಳಿ ಹರಿಯಿತು, ಕೆಂಪಗೆ,
ಆಮೇಲೆ ತಿಳಿಯಾಗುತ್ತ ಬಂತು.
ಮೂರು ಹಲ್ಲು ಉಳಿಯಲಿಲ್ಲ.
ಅವನ್ನು ಹಳೆಯ ಪೇಪರಿನಲ್ಲಿ ಕಟ್ಟಿಸಿಕೊಂಡು
ಅಂಗಿಯ ಜೇಬಿಗಿಳಿಸಿದ. ಯಾಕೆಂದು ಕೇಳಲಿಲ್ಲ.

ಪವಾಡವೇನೂ ಆಗಲಿಲ್ಲ. ಮಾತ್ರೆ ಇನ್ನೂ ಇದೆ.
ಮೂರು ತಿಂಗಳ ಲೆಕ್ಕದ ಸಕ್ಕರೆ
ಹತ್ತರಿಂದ ಒಂಬತ್ತೂವರೆಗೆ ಬಂತು, ಅಷ್ಟೇ.
‘ಅರ್ಧ ತಾನೇ’ ಅಂದೆ, ಬಾಯಿ ತಪ್ಪಿ.
‘ತಂಗೀ,’ ಅಂದ, ‘ಕಾಳಿ ಅಳಿವೆಯಲ್ಲಿ
ಅರ್ಧ ಗೇಣು ನೀರು ಕಮ್ಮಿಯಾದರೆ
ದೋಣಿ ಮರಳ ದಿಬ್ಬ ದಾಟುವುದಿಲ್ಲ.’

ಈಗ ಅವನಿಗೆ ನಾವು ಫೋನು ಮಾಡುವುದಿಲ್ಲ.
ಜೂನಿನಲ್ಲಿ ಮೀನುಗಾರಿಕೆ ಬಂದ್ ಆಗಿ
ದೋಣಿಗಳು ದಡ ಹತ್ತುತ್ತವೆ, ಇವನು ಮೆಟ್ಟಿಲು ಹತ್ತುತ್ತಾನೆ.
ಚಳಿ ಬಿದ್ದು ತಾರ್ಲೆ ಅಗ್ಗವಾದಾಗ ಇನ್ನೊಮ್ಮೆ.
ಮೊಮ್ಮಗಳನ್ನೂ ತರುತ್ತಾನೆ, ಹಾಲುಹಲ್ಲಿನವಳನ್ನು,
ಕುರ್ಚಿ ಮೇಲೇರುವುದು ನೋಡಿ ಅವಳು ಚಪ್ಪಾಳೆ ತಟ್ಟುತ್ತಾಳೆ.

ನಿನ್ನೆ ಹೋಗುವಾಗ ಬಾಗಿಲಲ್ಲಿ ನಿಂತು ನನ್ನ ಕೇಳಿದ:
‘ನಿಂದು ಯಾವಾಗ ಹೆರೆಸಿದ್ದು?’

ಹನ್ನೊಂದು ವರ್ಷ. ಎಡಗಡೆ ಕೊನೆಯ ದವಡೆ.
ತಣ್ಣೀರು ತಾಗಿದರೆ ಝುಮ್ಮೆನ್ನುವುದನ್ನು
ಬಲಗಡೆ ಅಗಿದು ಅಗಿದು ಮರೆಸಿದ್ದೆ.

ಅಂಗಡಿ ಮುಚ್ಚುವ ಹೊತ್ತು. ಡಾಕ್ಟರು ಗ್ಲೌಸು ಕಳಚಿರಲಿಲ್ಲ.
ಕುರ್ಚಿಗೆ ಒರಗಿದೆ. ತಲೆಯ ಮೇಲೆ ದೀಪ.
ನಳಿಗೆಯನ್ನು ನನ್ನ ಕೈಗೇ ಕೊಟ್ಟರು,
ಬೇರೆ ಯಾರಿರಲಿಲ್ಲವಲ್ಲ,
ನಾನೇ ಹಿಡಿದುಕೊಂಡೆ.